ಒಂದೇ ಆಕಾಶಕ್ಕೆ ಎರಡು ಸಲ

ಜನವರಿ 9, ಗುರುವಾರ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ಫೋನ್ ಇರುವಾಗ ಇವಳ್ಯಾಕೆ ಕಾಗದ ಬರೀತಾಳೆ ಅಂತ ನೀವು ಹುಬ್ಬೇರಿಸಬಹುದು. ನಮ್ಮ ಮನೆಗೆ ಫೋನ್ ಮಾಡಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ. ಅಣ್ಣ ಎತ್ತಿದರೆ ಎರಡು ನಿಮಿಷಕ್ಕೆ ಅಮ್ಮ ಕಿತ್ಕೋತಾಳೆ. ಅಮ್ಮನ ಕೈಗೆ ಹೋದ ಫೋನು ನಿಮ್ಮ ತನಕ ಬಂದದ್ದು ಈ ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ, ಹೇಳಿ!

ವಿಷಯಕ್ಕೆ ಬರ್ತೀನಿ. ನಮ್ಮ ಬಾಹ್ಯಾಕಾಶ ದೂರದರ್ಶಕ ಇನ್ನು ಮೂರು ವರ್ಷಕ್ಕೆ ಮೇಲೆ ಹೋಗುತ್ತೆ. ಹೋದ ಮೇಲೆ ಅದರ ಬಹುಪಾಲು ಸಮಯ ಒಂದು ದೊಡ್ಡ ಸಮೀಕ್ಷೆಗೆ. ಆಕಾಶದ ಒಂದು ಭಾಗವನ್ನ ಎರಡು ಸಾವಿರದ ನೂರ ನಲವತ್ತು ಚೌಕಗಳಾಗಿ ಹಂಚಿ, ಒಂದೊಂದನ್ನೂ ಚಿತ್ರ ತೆಗೀಬೇಕು. ಯಾವ ಕ್ರಮದಲ್ಲಿ, ಎಷ್ಟು ಹೊತ್ತು, ಯಾವ ಬಣ್ಣದ ಗಾಜು ಹಾಕಿ ಅನ್ನೋದನ್ನ ನಾವೇ ಕೂತು ತೀರ್ಮಾನ ಮಾಡಬಾರದು, ಖಗೋಳದವರನ್ನೆಲ್ಲ ಕೇಳಬೇಕು ಅಂತ ಸಮಿತಿ ಹೇಳಿತು. ನಾನು ಆ ಸಮಿತಿಯ ಕಾರ್ಯದರ್ಶಿ. ಬಂದ ಸಲಹೆ ಪತ್ರಗಳನ್ನೆಲ್ಲ ಓದಿ, ವಿಂಗಡಿಸಿ, ಗೋಡೆಯ ನಕ್ಷೆ ಮೇಲೆ ಬಣ್ಣಬಣ್ಣದ ಗುಂಡುಪಿನ್ ಚುಚ್ಚೋದು ನನ್ನ ಕೆಲಸ.

ಇವತ್ತಿಗೆ ಇನ್ನೂರ ಹನ್ನೆರಡು ಪತ್ರ ಬಂದಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತಿದೆ. ಗೆಲಾಕ್ಸಿಯವರಿಗೆ ಒಂದೇ ಕಡೆ ಆಳವಾಗಿ ನೋಡಬೇಕು. ಸಿಡಿಯೋ ನಕ್ಷತ್ರದವರಿಗೆ ದಿನ ಬಿಟ್ಟು ದಿನ ನೋಡಬೇಕು. ಮತ್ತೊಬ್ಬರಿಗೆ ಅಗಲ ಸಾಕು, ಆಳ ಬೇಡ. ಒಮ್ಮತ ಬರದಿದ್ದರೆ ಐದು ವರ್ಷದ ಹಿಂದಿನ ಹಳೇ ಕರಡೇ ಜಾರಿಯಾಗುತ್ತೆ ಅಂತ ಅಧ್ಯಕ್ಷೆ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ಅತ್ತಿಗೆ, ನೀವೂ ಒಂದು ಸಲಹೆ ಪತ್ರ ಬರೀಬೇಕು. ಫೆಬ್ರವರಿ 28 ಕೊನೇ ದಿನ. ಕರೆಯ ಪ್ರತಿ ಮತ್ತು ಅದರ ಏಳು ಅನುಬಂಧ ಇದರ ಜೊತೆಗಿವೆ. ಇಲ್ಲ ಅನ್ನಬೇಡಿ.

ನಿಮ್ಮ,
ಗುಬ್ಬಿ

---

ಜನವರಿ 20, ಸೋಮವಾರ

ಪ್ರೀತಿಯ ಗುಬ್ಬಿ,

ಕಾಗದ ಬಂತು. ಎಲ್ಲರೂ ಕ್ಷೇಮ. ಅತ್ತೆಯೂ ಕ್ಷೇಮ.

ಸಲಹೆ ಕೇಳಿದ್ದಕ್ಕೆ ಸಂತೋಷ, ಆದರೆ ನನ್ನಿಂದ ಆಗಲ್ಲ. ಈ ವರ್ಷ ಕಾಲೇಜಿನಲ್ಲಿ ನಾಲ್ಕು ತರಗತಿ ನನ್ನ ತಲೆಗೆ ಕಟ್ಟಿದ್ದಾರೆ, ಪ್ರಯೋಗಾಲಯ ಬೇರೆ. ದೂರದರ್ಶಕದ ಹತ್ತಿರ ಹೋಗಿ ಹನ್ನೊಂದು ವರ್ಷ ಆಯ್ತು. ಇನ್ನೂರ ಹನ್ನೆರಡು ಜನ ಬರೆದ ಮೇಲೆ ಒಬ್ಬ ಭೌತಶಾಸ್ತ್ರದ ಮೇಡಂ ಬರೆಯದಿದ್ದರೆ ಆಕಾಶಕ್ಕೇನು ನಷ್ಟ ಇಲ್ಲ. ಮನೆಯವಳು ಅಂತ ಮರ್ಯಾದೆಗೆ ಕರೆದದ್ದಾದರೆ, ಕರೆದೆಯಲ್ಲ, ಅಷ್ಟೇ ಸಾಕು.

ಒಂದು ಸಂಶಯ, ಸುಮ್ಮನೆ ಕೇಳ್ತೀನಿ. ಒಂದು ಚೌಕ ನೋಡಿ ಮುಂದಕ್ಕೆ ಹೋದ ಮೇಲೆ ಮತ್ತೆ ಅಲ್ಲಿಗೆ ಬರ್ತೀರಾ, ಇಲ್ವಾ? ಅನುಬಂಧದಲ್ಲಿ ಎಲ್ಲೂ ಸಿಗಲಿಲ್ಲ.

ನಿನ್ನ ಅತ್ತಿಗೆ

---

ಜನವರಿ 29, ಬುಧವಾರ

ಪ್ರೀತಿಯ ಅತ್ತಿಗೆಗೆ,

ಬರಲ್ಲ. ಹಳೇ ಕರಡಿನ ಪ್ರಕಾರ ಒಂದು ಚೌಕಕ್ಕೆ ನಾಲ್ಕು ಚಿತ್ರ, ನಾಲ್ಕೂ ಒಂದೇ ಬೈಠಕ್ಕಿನಲ್ಲಿ. ಆಮೇಲೆ ಆ ಕಡೆ ತಿರುಗಿ ನೋಡೋದೇ ಇಲ್ಲ.

ಏಳು ಅನುಬಂಧದಲ್ಲಿ ಹುಡುಕಿದ್ದೀರಿ ಅಂದರೆ ಏಳನ್ನೂ ಓದಿದ್ದೀರಿ! ಸಮಿತಿಯಲ್ಲೇ ಅರ್ಧ ಜನ ಓದಿಲ್ಲ. ಇನ್ನು ‘ಮರ್ಯಾದೆಗೆ ಕರೆದದ್ದು’ ಅನ್ನೋ ಮಾತು ನನಗೆ ಚುಚ್ಚಿತು. ನೀವು ಚುಚ್ಚಲಿ ಅಂತಲೇ ಬರೆದಿದ್ದೀರಿ ಅಂತಲೂ ಅನಿಸಿತು.

ಇನ್ನೊಂದು ವಿಷಯ. ಮೂರು ವಾರದಿಂದ ಅಮ್ಮ ಫೋನಿಗೆ ಬರ್ತಿಲ್ಲ. ಕೇಳಿದರೆ ಅಣ್ಣ ‘ಮಲಗಿದ್ದಾಳೆ’ ಅಂತಾನೆ, ಇಲ್ಲಾ ‘ಪಕ್ಕದ ಮನೆಗೆ ಹೋಗಿದ್ದಾಳೆ’ ಅಂತಾನೆ. ಬೆಳಿಗ್ಗೆ ಹನ್ನೊಂದಕ್ಕೆ ಮಲಗೋ ಜಾತಿಯಲ್ಲ ನಮ್ಮಮ್ಮ. ನನ್ನ ಮೇಲೆ ಮನೆಯವರೆಲ್ಲ ಸೇರಿ ಏನಾದರೂ ಸಿಟ್ಟು ಮಾಡಿಕೊಂಡಿದ್ದರೆ ನೇರ ಹೇಳಿಬಿಡಿ. ಒಬ್ಬೊಬ್ಬರೂ ಒಂದೊಂದು ಬಾಗಿಲು ಹಾಕಿಕೊಂಡರೆ ನಾನು ಯಾವುದನ್ನ ಬಡೀಲಿ?

ಗುಬ್ಬಿ

---

ಫೆಬ್ರವರಿ 8, ಶನಿವಾರ

ಪ್ರೀತಿಯ ಗುಬ್ಬಿ,

ಸಿಟ್ಟಲ್ಲ ಕಣೆ. ಅತ್ತೆ ಬಿದ್ದರು. ಜನವರಿ ಎರಡರಂದು, ಮೇಲಿನ ಕಪಾಟಿನಿಂದ ಬಟ್ಟೆ ಥಾನು ತೆಗೆಯೋಕೆ ಸ್ಟೂಲ್ ಹತ್ತಿ ಜಾರಿದರು. ಸೊಂಟದ ಮೂಳೆ ಮುರೀತು. ಮರುದಿನವೇ ಆಪರೇಷನ್ ಆಯ್ತು. ಈಗ ವಾಕರ್ ಹಿಡಿದು ಹೊಲಿಗೆ ಯಂತ್ರದ ತನಕ ಹೋಗ್ತಾರೆ, ಕೂತು ಅದನ್ನ ಒರೆಸಿ ವಾಪಸ್ ಬರ್ತಾರೆ. ‘ಗುಬ್ಬಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾಳೆ, ಹೇಳಿದವರ ಕೈಯಲ್ಲಿ ನಾನು ನೀರು ಕುಡಿಯಲ್ಲ’ ಅಂತ ಆಣೆ ಹಾಕಿದ್ದರು. ನಿಮ್ಮಣ್ಣ ಹೆದರಿ ಬಾಯಿ ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ತಪ್ಪು ನಮ್ಮದೇ.

ಹೆದರಬೇಡ. ವೈದ್ಯೆ ಹೇಳಿದ್ದಕ್ಕಿಂತ ಬೇಗ ನಡೀತಿದ್ದಾರೆ. ವ್ಯಾಯಾಮ ಮಾಡಿಸೋಕೆ ಬರೋಳಿಗೇ ‘ಬೆನ್ನು ನೆಟ್ಟಗಿಟ್ಟು ನಿಂತ್ಕೊ’ ಅಂತ ಪಾಠ ಹೇಳ್ತಾರೆ.

ಈಗ ನಿನ್ನ ಚೌಕಗಳು. ಆಸ್ಪತ್ರೆಯಲ್ಲಿ ಕಾಯೋದು ಬಹಳ. ಅತ್ತೆಯನ್ನ ಒಳಗೆ ಕರ್ಕೊಂಡು ಹೋದರೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಬೇಕು. ಅಲ್ಲಿ ಅನುಬಂಧಗಳನ್ನ ಓದಿದೆ. ಹಳೇ ಕರಡು ತಪ್ಪು, ಗುಬ್ಬಿ. ನಾಲ್ಕು ಚಿತ್ರವನ್ನೂ ಒಂದೇ ಸಲ ತೆಗೆದರೆ ಯಾವುದು ಅಲ್ಲಾಡಿತು, ಯಾವುದು ಬದಲಾಯ್ತು ಅಂತ ಯಾರಿಗೂ ಯಾವತ್ತೂ ಗೊತ್ತಾಗಲ್ಲ. ಎರಡು ಚಿತ್ರ ಮೊದಲ ವರ್ಷ ತೆಗೀಲಿ, ಉಳಿದೆರಡು ಕೊನೇ ವರ್ಷ. ಒಟ್ಟು ಹೊತ್ತು ಅಷ್ಟೇ. ಆಳ ನೋಡೋರು ನಾಲ್ಕನ್ನೂ ಕೂಡಿಸಿಕೊಳ್ಳಲಿ, ಬದಲಾವಣೆ ಹುಡುಕೋರು ಎರಡನ್ನ ಇನ್ನೆರಡರಿಂದ ಕಳೆಯಲಿ.

ನಿಮ್ಮಣ್ಣನಿಗೆ ಹೇಳಿದೆ. ‘ಇದರಲ್ಲಿ ಹೊಸದೇನಿದೆ? ಗಡಿ ಕಲ್ಲನ್ನ ನಾವು ಹೋಗ್ತಾ ಒಂದ್ಸಲ ಅಳೀತೀವಿ, ಬರ್ತಾ ಒಂದ್ಸಲ. ಒಂದೇ ಅಳತೆ ಕೋರ್ಟಿನಲ್ಲಿ ನಿಲ್ಲಲ್ಲ’ ಅಂದರು. ಅವರ ನೆಲದ ಸರ್ವೆಗಿರೋ ಬುದ್ಧಿ ನಿಮ್ಮ ಆಕಾಶದ ಸರ್ವೆಗಿಲ್ಲ ನೋಡು.

ಇದನ್ನ ನಿನ್ನ ಹೆಸರಲ್ಲೇ ಸಮಿತಿಗೆ ಕೊಡು. ನನ್ನ ಹೆಸರು ಬೇಡ. ಒಂದು ಸಲ ಕೊಟ್ಟು ನೋಡಿದ್ದೀನಿ, ಸಾಕಾಗಿದೆ.

ನಿನ್ನ ಅತ್ತಿಗೆ

---

ಫೆಬ್ರವರಿ 18, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ಶನಿವಾರ, ಭಾನುವಾರ ಎರಡು ದಿನ ಮನೆಯಲ್ಲಿದ್ದೆ. ಅಮ್ಮನ ಕಾಲು ಒತ್ತಿದೆ, ಬೈಸಿಕೊಂಡೆ. ಅಡುಗೆಮನೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಪಾತ್ರೆ ಒರೆಸಿದೆ. ಹೇಳಬೇಕಾದ ಮಾತು ನಾಲ್ಕು ಸಲ ನಾಲಿಗೆ ತನಕ ಬಂತು, ನಾಲ್ಕು ಸಲವೂ ನುಂಗಿದೆ. ನೀವು ‘ಯಾಕೆ ಸಪ್ಪಗಿದ್ದೀ?’ ಅಂದಾಗ ‘ಪ್ರಯಾಣದ ಸುಸ್ತು’ ಅಂದೆ. ಸುಳ್ಳು.

ಹನ್ನೊಂದು ವರ್ಷದ ಹಿಂದೆ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಸಮಯ ಕೇಳಿ ನೀವು ಅರ್ಜಿ ಹಾಕಿದ್ದಿರಿ. ಒಂದೇ ಜಾಗವನ್ನ ಐದು ವರ್ಷ ಬಿಟ್ಟು ಎರಡು ಸಲ ನೋಡಬೇಕು, ಹತ್ತಿರದ ಮಂಕು ನಕ್ಷತ್ರಗಳು ಜರುಗೋದನ್ನ ಹಿಡೀಬೇಕು ಅಂತ. ಅದನ್ನ ತಿರಸ್ಕರಿಸಿದ ಪತ್ರದಲ್ಲಿ ಕಾರಣ ಅಂತ ಎರಡು ಸಾಲು ಇತ್ತು. ಆ ಎರಡು ಸಾಲು ಬರೆದದ್ದು ನಾನು.

ಆಗ ನಾನು ಕೆಲಸಕ್ಕೆ ಸೇರಿ ಐದು ತಿಂಗಳು. ಅರ್ಜಿ ಓದೋರಲ್ಲಿ ನಾನೇ ಚಿಕ್ಕವಳು. ‘ಇವರು ನನ್ನ ಅತ್ತಿಗೆ, ನಾನು ಓದಬಾರದು’ ಅಂತ ಹೇಳಿ ಎದ್ದು ಹೋಗಬೇಕಿತ್ತು. ಹೇಳಲಿಲ್ಲ. ಮನೆಯವರಿಗೆ ಒಲಿದಳು ಅಂತ ಯಾರಾದರೂ ಅಂದಾರು ಅನ್ನೋ ಹೆದರಿಕೆಗೆ, ಬೇರೆಯವರಿಗಿಂತ ಹೆಚ್ಚು ಕಟುವಾಗಿ ಬರೆದೆ. ನೀವು ಆಮೇಲೆ ಅರ್ಜಿಯನ್ನೇ ಹಾಕಲಿಲ್ಲ. ಮಾತು ಆಡಿದರೆ ಹೋಯ್ತು ಅಂತಾರೆ. ನನ್ನದು ಹೋಗಿದ್ದು ನಿಮ್ಮ ಹನ್ನೊಂದು ವರ್ಷ ತಗೊಂಡು.

ನಿಮ್ಮ ಯೋಜನೆಯನ್ನ ನನ್ನ ಹೆಸರಲ್ಲಿ ಕೊಡೋಕೆ ಆಗಲ್ಲ. ಸತ್ತರೂ ಕೊಡಲ್ಲ. ನಿಮ್ಮ ಹೆಸರಲ್ಲಿ ಬಂದರೆ ಸಂಬಂಧವನ್ನ ಬರಹದಲ್ಲಿ ತಿಳಿಸಿ ನಾನು ಬದಿಗೆ ಸರೀತೀನಿ. ಅವತ್ತು ಮಾಡಬೇಕಾದದ್ದನ್ನ ಇವತ್ತಾದರೂ ಮಾಡ್ತೀನಿ.

ಬೈದು ಬರೀರಿ. ಆದರೆ ಬರೀರಿ.

ಗುಬ್ಬಿ

---

ಫೆಬ್ರವರಿ 23, ಭಾನುವಾರ

ಗುಬ್ಬಿ,

ಗೊತ್ತಿತ್ತು.

ಆ ಪತ್ರ ಬಂದ ಬೆಳಿಗ್ಗೆ ನಾನು ಒಳಗಿನ ಕೋಣೆಯಲ್ಲಿ ನಿಂತು ಓದ್ತಿದ್ದೆ. ‘ಹೊಲಿಗೆಗಿಂತ ನೂಲೇ ಉದ್ದವಾಗಿದೆ’ ಅಂತ ಬರೆದಿತ್ತು. ಹೊರಗಿನ ಕೋಣೆಯಲ್ಲಿ ಅತ್ತೆ ಒಬ್ಬ ಗಿರಾಕಿಗೆ ಕೋಟಿನ ಅಳತೆ ತಗೋತಾ, ಮಾತು ಜಾಸ್ತಿಯಾಯ್ತು ಅಂತ ಅದೇ ಮಾತು ಹೇಳಿ ನಗ್ತಿದ್ದರು. ಈ ಮಾತನ್ನ ನಿಮ್ಮಮ್ಮ ಬಿಟ್ಟು ಇನ್ಯಾರ ಬಾಯಲ್ಲೂ ನಾನು ಕೇಳಿಲ್ಲ. ನಿಮ್ಮಮ್ಮ ಅರ್ಜಿ ಓದೋ ಸಮಿತಿಯಲ್ಲಿ ಇರಲಿಲ್ಲ.

ಹೇಳಲಿಲ್ಲ ಯಾಕೆ ಅಂತೀಯಾ? ಹೇಳಿದ್ದರೆ ನಿಮ್ಮಣ್ಣ ನಿನ್ನ ಜೊತೆ ಮಾತು ಬಿಡ್ತಿದ್ದರು, ಅತ್ತೆ ನಮ್ಮಿಬ್ಬರ ಮಧ್ಯೆ ಅಡಕತ್ತರಿಗೆ ಸಿಗ್ತಿದ್ದರು. ಇಷ್ಟೇ ಆಗಿದ್ದರೆ ನಾನು ಬಹಳ ದೊಡ್ಡ ಮನಸ್ಸಿನವಳು ಅಂತಾಗುತ್ತೆ. ಅದಲ್ಲ. ನೀನು ಬಂದು ಹೇಳ್ತೀಯ ಅಂತ ಕಾದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ನೀನು ರಜೆಗೆ ಬಂದಾಗಲೆಲ್ಲ ನಗ್ತಾ ಬಡಿಸಿದೆ, ಒಳಗೆ ಕೆಂಡ. ಜನವರಿಯಲ್ಲಿ ನಿನ್ನ ಕಾಗದ ಬಂದಾಗ, ಈಗ ಪಾಪ ತೊಳ್ಕೊಳ್ಳೋಕೆ ಕರೀತಿದ್ದಾಳೆ ಅಂದುಕೊಂಡೆ.

ಈಗ ಕೇಳು. ಆ ಅರ್ಜಿ ನಿಜಕ್ಕೂ ಉದ್ದ ಇತ್ತು. ನಲವತ್ತು ಪುಟ! ಉದ್ದ ಅಂದದ್ದು ಸರಿ. ಅಷ್ಟಕ್ಕೇ ಬಾಗಿಲು ಹಾಕಿದ್ದು ಸರಿಯಲ್ಲ. ಎರಡನ್ನೂ ಹೇಳಿಬಿಟ್ಟೆ, ನನಗೆ ಹಗುರಾಯ್ತು. ನಿನಗೂ ಆಗಲಿ.

ಇನ್ನೊಂದು. ನಾನು ನಿಲ್ಲಿಸಿರಲಿಲ್ಲ. ಬೇರೆ ಬೇರೆ ಕಾಲದಲ್ಲಿ ಯಾರೋ ತೆಗೆದು ಎಲ್ಲರಿಗೂ ಅಂತ ಬಿಟ್ಟಿರೋ ಹಳೇ ಚಿತ್ರಗಳಿವೆಯಲ್ಲ, ಅವನ್ನ ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಜೋಡಿ ಮಾಡಿ ನೋಡ್ತಾ ಬಂದೆ. ತರಗತಿ ಇಲ್ಲದ ಗಂಟೆಗಳಲ್ಲಿ. ಏಳು ಸಿಕ್ಕಿವೆ. ಏಳು ನಕ್ಷತ್ರ, ಯಾರ ಪಟ್ಟಿಯಲ್ಲೂ ಇಲ್ಲದ್ದು. ನಿಮ್ಮಣ್ಣನಿಗೂ ಹೇಳಿರಲಿಲ್ಲ. ನಿನ್ನೆ ಹೇಳಿದೆ. ‘ಹನ್ನೊಂದು ವರ್ಷಕ್ಕೆ ಏಳು, ಪರವಾಗಿಲ್ಲ, ನಮ್ಮ ಇಲಾಖೆಗಿಂತ ವೇಗ’ ಅಂದು, ಆಮೇಲೆ ಕಣ್ಣೊರೆಸಿಕೊಂಡರು.

ಸಲಹೆ ಪತ್ರವನ್ನ ನಾಳೆ ರಿಜಿಸ್ಟರ್ ಅಂಚೆಯಲ್ಲಿ ನೇರ ಕಚೇರಿಗೆ ಕಳಿಸ್ತೀನಿ. ಎರಡೇ ಪುಟ. ನನ್ನ ಹೆಸರಲ್ಲಿ.

ಅತ್ತಿಗೆ

---

ಮಾರ್ಚ್ 14, ಶುಕ್ರವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಸಲಹೆ ಪತ್ರ ತಲುಪಿದೆ. ಅದನ್ನ ನಾನು ಓದಿಲ್ಲ. ಸಂಬಂಧದ ವಿಷಯ ಬರಹದಲ್ಲಿ ತಿಳಿಸಿದ್ದೇನೆ. ಅದನ್ನ ಓದಿ ಸಾರಾಂಶ ಮಾಡೋ ಕೆಲಸವನ್ನ ಅಧ್ಯಕ್ಷೆ ಬೇರೊಬ್ಬರಿಗೆ ಕೊಟ್ಟಿದ್ದಾರೆ.

ಒಟ್ಟು ಮುನ್ನೂರ ನಲವತ್ತು ಪತ್ರಗಳು ಬಂದವು. ಅದರಲ್ಲಿ ಆರು ಜನರನ್ನ ಸಮಿತಿ ಮುಖತಃ ಕೇಳಲಿದೆ. ನಿಮ್ಮ ಸರದಿ ಏಪ್ರಿಲ್ 3, ಗುರುವಾರ, ಮಧ್ಯಾಹ್ನ ಮೂರಕ್ಕೆ, ಮೂರನೇ ಮಹಡಿ. ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಅಲ್ಲಿಯವರೆಗೆ ಈ ವಿಷಯವಾಗಿ ಬರೆಯುವುದೂ ಇಲ್ಲ.

ಅಮ್ಮನಿಗೆ ನನ್ನ ನಮಸ್ಕಾರ.

ಗುಬ್ಬಿ

---

ಏಪ್ರಿಲ್ 5, ಶನಿವಾರ

ಪ್ರೀತಿಯ ಗುಬ್ಬಿ,

ಮೊದಲು ಕ್ಷಮಿಸು, ಒಂದು ಮಾತೂ ಆಡದೆ ಓಡಿ ಬಂದೆ. ಐದೂಕಾಲಿನ ರೈಲು ಬಿಟ್ಟರೆ ಮಾರನೇ ಬೆಳಿಗ್ಗೆ ಪರೀಕ್ಷಾ ಕೊಠಡಿಗೆ ನಾನು ಇರ್ತಿರಲಿಲ್ಲ. ಮೆಟ್ಟಿಲು ಇಳೀವಾಗ ನೀನು ನೀರಿನ ಲೋಟ ಹಿಡಿದು ಮೇಲಿನ ತಿರುವಿನಲ್ಲಿ ನಿಂತಿದ್ದು ಕಂಡಿತು. ಮುಖ ಬಿಳಿಚಿಕೊಂಡಿತ್ತು. ನಾನು ಸೋತು ಓಡ್ತಿದ್ದೀನಿ ಅಂದುಕೊಂಡೆಯಾ?

ಮಾರ್ಚಿನ ನಿನ್ನ ಕಾಗದ ನೋಡಿ ನನಗೂ ಹಾಗೇ ಆಗಿತ್ತು ಬಿಡು. ‘ಇರುವುದಿಲ್ಲ’, ‘ಬರೆಯುವುದೂ ಇಲ್ಲ’! ಪುಸ್ತಕದ ಭಾಷೆ ಓದಿ ಮೈ ಉರೀತು. ನಿಮ್ಮಣ್ಣ ನೋಡಿ, ‘ಅವಳು ಬಾಯಿಗೆ ಬೀಗ ಹಾಕ್ಕೊಂಡು ಕೀಲಿಕೈ ಅಧ್ಯಕ್ಷೆ ಕೈಗೆ ಕೊಟ್ಟಿದ್ದಾಳೆ, ಇದು ನಿನ್ನ ಒಳ್ಳೇದಕ್ಕೇ’ ಅಂದ ಮೇಲೆ ಅರ್ಥ ಆಯ್ತು.

ಈಗ ಒಳಗೆ ಏನಾಯ್ತು ಅಂತ ಹೇಳ್ತೀನಿ, ಕೂತ್ಕೊ.

ಒಂಬತ್ತು ಜನ. ಉದ್ದನೆ ಮೇಜು, ಗೋಡೆಯಲ್ಲಿ ನಿನ್ನ ಗುಂಡುಪಿನ್ನಿನ ನಕ್ಷೆ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, ‘ಯಾವ ಸಂಸ್ಥೆಯಿಂದ?’ ಅಂದರು. ‘ಸಂಸ್ಥೆ ಇಲ್ಲ ಮೇಡಂ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳ್ತೀನಿ’ ಅಂದೆ. ಯಾರೋ ಕೆಮ್ಮಿದರು. ನನ್ನ ಎರಡು ಹಾಳೆಯನ್ನ ಮೇಜಿನ ಅಂಚಿಗೆ ಜೋಡಿಸಿಟ್ಟುಕೊಂಡೆ.

ಎರಡು ಪುಟ, ಎಂಟು ನಿಮಿಷದಲ್ಲಿ ಮುಗೀತು. ತಕ್ಷಣ ಮೇಜಿನ ಆ ತುದಿಯಿಂದ ದಪ್ಪ ಮೀಸೆಯ ಒಬ್ಬರು ಎದ್ದರು. ದೂರದರ್ಶಕವನ್ನ ಮೇಲೆ ನಡೆಸೋ ಎಂಜಿನಿಯರಂತೆ. ‘ಹೇಳೋಕೆ ಚೆನ್ನಾಗಿದೆ ಮೇಡಂ. ಆದರೆ ಎರಡು ಸಲ ಹೋಗೋದು ಅಂದರೆ ಎರಡು ಪಟ್ಟು ತಿರುಗಾಟ. ತಿರುಗಿ ನಿಲ್ಲೋದರಲ್ಲೇ ನಲವತ್ತು ದಿನ ಹಾಳು. ಆ ನಲವತ್ತು ದಿನ ಎಲ್ಲಿಂದ ತರ್ತೀರಿ?’

‘ನಲವತ್ತಲ್ಲ ಸರ್. ಒಂಬತ್ತು’ ಅಂದೆ.

ಬಿಳಿ ಹಲಗೆ ಹತ್ತಿರ ಹೋದೆ. ಅಲ್ಲಿಗೆ ಹೋದ ಕೂಡಲೇ ಅಳುಕು ಹೋಯ್ತು ನೋಡು, ಇಪ್ಪತ್ತು ವರ್ಷ ಹಲಗೆ ಮುಂದೆ ನಿಂತ ಕೈ ಅಲ್ವಾ. ಬಿಸಿಲಿಗೆ ಅಡ್ಡ ಇರೋ ಆ ದೊಡ್ಡ ಪರದೆಯ ಕಾರಣಕ್ಕೆ ದೂರದರ್ಶಕ ಒಂದು ಹೊತ್ತಿನಲ್ಲಿ ಆಕಾಶದ ಒಂದು ಪಟ್ಟಿಯನ್ನ ಮಾತ್ರ ನೋಡಬಹುದು. ಹಳೇ ಕರಡಿನಲ್ಲಿ ಪ್ರತಿ ಚೌಕವನ್ನೂ ಅಲ್ಲಲ್ಲೇ ಮುಗಿಸೋ ಹಠಕ್ಕೆ ಅದು ಈ ಮೂಲೆಯಿಂದ ಆ ಮೂಲೆಗೆ ಹಾರ್ತಾ ಇರುತ್ತೆ. ಎರಡು ಸಲ ಹೋಗೋದಾದರೆ ಆ ಹಠ ಬೇಡ. ಪಟ್ಟಿ ಸರಿದ ಹಾಗೆ ಪಕ್ಕದ ಚೌಕ, ಅದರ ಪಕ್ಕದ ಚೌಕ ಅಂತ ನೆಲ ಒರೆಸಿದ ಹಾಗೆ ಸಾಲಾಗಿ ಹೋಗಬಹುದು. ತಿರುಗಾಟದ ಲೆಕ್ಕದಲ್ಲಿ ಸಂಖ್ಯೆ ಎರಡು ಪಟ್ಟಾದರೂ ಒಂದೊಂದೂ ಪುಟ್ಟ ಹೆಜ್ಜೆ.

ಎಂಜಿನಿಯರ್ ಕ್ಯಾಲ್ಕುಲೇಟರ್ ತೆಗೆದು ಒತ್ತಿದರು. ಮತ್ತೆ ಒತ್ತಿದರು. ‘ಒಂಬತ್ತು’ ಅಂದರು. ‘ಸರಿ. ಆದರೆ ಒಂಬತ್ತು ದಿನವೂ ನನ್ನ ಹತ್ತಿರ ಇಲ್ಲ.’

‘ಇದೆ ಸರ್. ಅನುಬಂಧ ನಾಲ್ಕು, ಪುಟ ಹದಿನಾರು, ಅಡಿಟಿಪ್ಪಣಿ. ಕೆಟ್ಟುಹೋದ ಚಿತ್ರಗಳನ್ನ ಮತ್ತೆ ತೆಗೆಯೋಕೆ ಅಂತ ಹನ್ನೆರಡು ದಿನ ಎತ್ತಿಟ್ಟಿದ್ದೀರಿ. ಹೇಗೂ ಎರಡನೇ ಸಲ ಅಲ್ಲಿಗೇ ಹೋಗ್ತೀವಲ್ಲ, ಅವತ್ತೇ ಅದೂ ಆಗುತ್ತೆ. ಹನ್ನೆರಡರಲ್ಲಿ ಒಂಬತ್ತು ಹೋದರೆ ನಿಮಗೆ ಮೂರು ದಿನ ಉಳೀತು.’

ಅವರು ಪುಟ ತಿರುವಿ, ಅಡಿಟಿಪ್ಪಣಿ ಮೇಲೆ ಬೆರಳಿಟ್ಟು ಓದಿ, ಮೀಸೆ ಒಳಗಿಂದಲೇ ನಕ್ಕರು. ‘ಈ ಅಡಿಟಿಪ್ಪಣಿ ಬರೆದವನು ನಾನೇ ಮೇಡಂ. ಇದನ್ನ ಹುಟ್ಟಿದವರು ಯಾರೂ ಓದಲ್ಲ ಅಂತ ಧೈರ್ಯವಾಗಿ ಬಚ್ಚಿಟ್ಟಿದ್ದೆ!’ ಎಲ್ಲರೂ ಗೊಳ್ಳೆಂದರು, ಅಧ್ಯಕ್ಷೆ ಸಮೇತ.

ಆಮೇಲೆ ಗೆಲಾಕ್ಸಿ ಪ್ರಾಧ್ಯಾಪಕರು, ‘ನನ್ನ ಮಬ್ಬು ಗೆಲಾಕ್ಸಿಗಳು ಎಲ್ಲಿಗೂ ಓಡಿಹೋಗಲ್ಲ, ನನಗೇನು ಲಾಭ?’ ಅಂದರು. ಎರಡನೇ ಸಲ ದೂರದರ್ಶಕ ಬೇರೆ ಕೋನದಲ್ಲಿ ನಿಂತಿರುತ್ತೆ, ಪ್ರಖರ ನಕ್ಷತ್ರಗಳ ಬೆಳಕು ಚೆಲ್ಲಿ ಆಗೋ ಕಲೆ ಬೇರೆ ಕಡೆ ಬೀಳುತ್ತೆ, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ನಿಮ್ಮ ಗೆಲಾಕ್ಸಿ ಕಾಣುತ್ತೆ ಅಂದೆ. ಅವರು ಪೆನ್ನು ತೆಗೆದು ಅದನ್ನ ಬರ್ಕೊಂಡರು.

ಕೊನೆಗೆ ನನ್ನ ಏಳನ್ನ ತೋರಿಸಿದೆ. ಹಳೇ ಚಿತ್ರ, ಹೊಸ ಚಿತ್ರ, ಹಳೇದು, ಹೊಸದು. ಸಾವಿರ ಚುಕ್ಕಿ ಕದಲದೆ ನಿಂತಿವೆ, ನಡುವೆ ಒಂದೇ ಒಂದು ಆಚೆ ಈಚೆ ಜಿಗೀತಿದೆ. ಅಧ್ಯಕ್ಷೆ ಕುರ್ಚಿ ಎಳ್ಕೊಂಡು ಪರದೆಗೆ ಮೂಗು ತಾಗೋ ಹಾಗೆ ಕೂತರು. ‘ಮತ್ತೊಂದ್ಸಲ ತೋರಿಸಿ’ ಅಂದರು. ಏಳೂ ಮುಗಿಯೋ ತನಕ ಅದೇ ಮಾತು. ‘ಇದನ್ನ ಯಾವ ಯಂತ್ರದಲ್ಲಿ ಮಾಡಿದ್ರಿ?’ ‘ಮಕ್ಕಳು ಲೋಲಕದ ಪ್ರಯೋಗ ಬರೆಯೋ ಕಂಪ್ಯೂಟರಿನಲ್ಲಿ ಮೇಡಂ.’

ಏನು ತೀರ್ಮಾನ ಆಗುತ್ತೋ ಗೊತ್ತಿಲ್ಲ. ಆದರೆ ಗುಬ್ಬಿ, ರೈಲಿನಲ್ಲಿ ಕೂತಾಗ ಕಿಟಕಿ ಗಾಜಿನಲ್ಲಿ ನನ್ನ ಮುಖ ಕಾಣ್ತಿತ್ತು. ಒಬ್ಬಳೇ ನಗ್ತಾ ಇದ್ದೆ. ಎದುರು ಕೂತ ಹೆಂಗಸು ಮಗುವನ್ನ ಸ್ವಲ್ಪ ಆ ಕಡೆ ಸರಿಸಿಕೊಂಡಳು.

ಅತ್ತಿಗೆ

---

ಏಪ್ರಿಲ್ 18, ಶುಕ್ರವಾರ

ಅತ್ತಿಗೇ,

ಗೆದ್ದಿರಿ! ಗೆದ್ದಿರಿ, ಗೆದ್ದಿರಿ!

ತಾರು ಕಳಿಸೋ ಕಾಲ ಆಗಿದ್ದರೆ ಇಷ್ಟೇ ಕಳಿಸಿಬಿಡ್ತಿದ್ದೆ. ನಿನ್ನೆ ಸಂಜೆ ಫೋನ್ ಮಾಡಿದೆ, ಅಮ್ಮ ಎತ್ತಿದಳು. ‘ಅತ್ತಿಗೆಗೆ ಕೊಡು’ ಅಂದೆ. ‘ಕೊಡ್ತೀನಿ ಇರು, ಮೊದಲು ನೀನು ಊಟ ಮಾಡಿದ್ಯಾ ಹೇಳು’ ಅಂತ ಶುರು ಮಾಡಿ, ಹೊಸ ಊರುಗೋಲಿನ ಕಥೆ ಪೂರ್ತಿ ಹೇಳಿ ಇಟ್ಟೇಬಿಟ್ಟಳು! ಹಾಗಾಗಿ ಈ ಕಾಗದ.

ಮೊದಲು ಅವತ್ತಿನ ವಿಷಯ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಎಲ್ಲರೂ ಗೊಳ್ಳೆಂದು ನಕ್ಕದ್ದು ಕೇಳಿಸಿತು. ನಿಮ್ಮನ್ನ ಆಡಿಕೊಂಡು ನಗ್ತಿದ್ದಾರೆ ಅಂದುಕೊಂಡೆ. ಬಾಗಿಲು ಒದ್ದು ಒಳಗೆ ಹೋಗಿಬಿಡಲಾ ಅನ್ನಿಸಿ, ಕಾಲು ತಡೆಯೋಕೆ ನೀರು ತರೋ ನೆಪ ಮಾಡಿ ಎದ್ದೆ. ಬರುವಷ್ಟರಲ್ಲಿ ನೀವು ಮೆಟ್ಟಿಲಿನಲ್ಲಿ ಓಡ್ತಿದ್ದಿರಿ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಅದನ್ನ ಕಚೇರಿ ಕ್ಯಾಂಟೀನಿನಲ್ಲಿ ಓದಿ, ಮೀಸೆ ಎಂಜಿನಿಯರ ಮಾತು ಬಂದಾಗ ಚಹಾ ಮೂಗಿಗೆ ಹತ್ತಿತು.

ಬುಧವಾರ, ಗುರುವಾರ ಸಮಿತಿ ಕೂತಿತ್ತು. ಹೊರಗೆ ನಾನು, ಒಳಗೆ ಜಗಳ. ಒಬ್ಬರು ಹಳೇ ಕರಡನ್ನೇ ಹಿಡಿದು ಕೂತರಂತೆ: ‘ಐದು ವರ್ಷ ಕಷ್ಟಪಟ್ಟು ಮಾಡಿದ್ದು, ಯಾರೋ ಕಾಲೇಜಿನವರು ಎರಡು ಪುಟ ಬರೆದರು ಅಂತ ಬಿಡೋಕಾಗುತ್ತಾ?’ ಅದಕ್ಕೆ ಮೀಸೆಯವರು ಎದ್ದು ನಿಂತು, ‘ಆ ಎರಡು ಪುಟವನ್ನ ನಾನು ಒಂದು ವಾರ ನನ್ನ ಯಂತ್ರದಲ್ಲಿ ಓಡಿಸಿ ನೋಡಿದ್ದೀನಿ. ಅವರು ಮೂರು ದಿನ ಉಳಿಯುತ್ತೆ ಅಂದರು. ಅವರ ಲೆಕ್ಕ ತಪ್ಪು. ನಾಲ್ಕು ಉಳೀತು’ ಅಂದರಂತೆ. ಎರಡು ಸಲದ ಯೋಜನೆಯನ್ನ ಒಪ್ಪಬೇಕು ಅಂತ ಅವರೇ ಸೂಚಿಸಿದರು. ಗೆಲಾಕ್ಸಿ ಪ್ರಾಧ್ಯಾಪಕರೇ ಅನುಮೋದಿಸಿದರು.

ಮತ ಆದ ಮೇಲೆ ಬಾಗಿಲು ತೆರೀತು. ಅಧ್ಯಕ್ಷೆ ಕರೆದು, ‘ಕಾರ್ಯದರ್ಶಿಗಳೇ, ನಿರ್ಣಯ ಓದಿ ದಾಖಲು ಮಾಡಿ’ ಅಂದರು. ನಾನು ನಿಂತು ಓದಿದೆ. ಮುನ್ನೂರ ನಲವತ್ತು ಪತ್ರಗಳಲ್ಲಿ ಹಳೇ ಕರಡು ನೂರ ಅರವತ್ತು ಜನರ ಬೇಡಿಕೆಯನ್ನ ಮಾತ್ರ ಪೂರೈಸ್ತಿತ್ತು, ಎರಡು ಸಲದ ಯೋಜನೆ ಇನ್ನೂರ ತೊಂಬತ್ತೊಂದು ಜನರದ್ದನ್ನ ಪೂರೈಸುತ್ತೆ. ಪರವಾಗಿ ಎಂಟು, ವಿರುದ್ಧ ಒಂದು. ಆಮೇಲೆ ಯೋಜನೆ ರೂಪಿಸಿದವರ ಹೆಸರು ಬಂತು. ನಿಮ್ಮ ಪೂರ್ತಿ ಹೆಸರು, ಅದರ ಮುಂದೆ ನಿಮ್ಮ ಕಾಲೇಜಿನ ಹೆಸರು. ಅದನ್ನ ಹಾಳೆಗೆ ಮುಖ ತಗ್ಗಿಸಿ ಗೊಣಗಿದ ಹಾಗೆ ಓದಿದೆ. ಅಧ್ಯಕ್ಷೆ ನನ್ನ ಕಡೆ ನೋಡದೆ, ‘ಸರಿಯಾಗಿ ಕೇಳಿಸಲಿಲ್ಲ, ಹೆಸರು ಇನ್ನೊಮ್ಮೆ ಓದಿ’ ಅಂದರು. ಎರಡನೇ ಸಲ ಗಟ್ಟಿಯಾಗಿ ಓದಿದೆ.

ಚೌಕಗಳ ಕ್ರಮ ಹಾಕೋ ತಂಡಕ್ಕೆ ನಿಮ್ಮನ್ನ ಮುಖ್ಯಸ್ಥೆಯಾಗಿ ಕರೀತಿದ್ದಾರೆ. ಎರಡು ವರ್ಷ. ಮನೆಯಿಂದಲೇ ಮಾಡಬಹುದು, ತಿಂಗಳಿಗೊಂದು ಸಲ ಇಲ್ಲಿಗೆ ಬರಬೇಕು. ಆ ಪತ್ರ ಅಧ್ಯಕ್ಷೆ ಸಹಿಯೊಂದಿಗೆ ಬೇರೆ ಬರುತ್ತೆ. ನಾನು ಏನೂ ಹೇಳಿಲ್ಲ, ಏನೂ ಕೇಳಿಲ್ಲ. ಒಂದೇ ಒಂದು ಕೆಲಸ ಮಾಡಿದೆ: ಎಲ್ಲರೂ ಹೋದ ಮೇಲೆ ಗೋಡೆಯ ನಕ್ಷೆ ಹತ್ತಿರ ನಿಂತು, ಐದು ತಿಂಗಳಿಂದ ಚುಚ್ಚಿದ್ದ ಗುಂಡುಪಿನ್ನುಗಳನ್ನ ಒಂದೊಂದಾಗಿ ಕಿತ್ತೆ.

ನಿಮ್ಮ,
ಗುಬ್ಬಿ

---

ಏಪ್ರಿಲ್ 27, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಕಾಲೇಜಿನ ವಿಳಾಸಕ್ಕೆ ಬಂತು. ಸಿಬ್ಬಂದಿ ಕೋಣೆಯಲ್ಲಿ ಒಡೆದು ಓದಿದೆ. ಮೊದಲ ಸಾಲಿಗೇ ನಿಂತುಬಿಟ್ಟೆ. ಪಕ್ಕದ ಗಣಿತದ ಮೇಷ್ಟ್ರು ಏನೋ ಕೆಟ್ಟ ಸುದ್ದಿ ಅಂತ ಕುರ್ಚಿ ತಂದು ಹಿಡಿದರು. ಕಾಗದ ಅವರ ಕೈಗೇ ಕೊಟ್ಟೆ. ಅವರು ಅದನ್ನ ಇಡೀ ಕೋಣೆಗೆ ಗಟ್ಟಿಯಾಗಿ ಓದಿಬಿಟ್ಟರು, ನಿನ್ನ ಚಹಾ ಮೂಗಿಗೆ ಹತ್ತಿದ್ದರ ಸಮೇತ! ಪ್ರಾಂಶುಪಾಲರು ಬಂದು ಕೈ ಮುಗಿದು, ‘ಈ ವರ್ಷ ನ್ಯಾಕಾಗಲಿ ಗೀಕಾಗಲಿ ಯಾವ ತಪಾಸಣೆಯವರು ಬಂದರೂ ಹೆದರಿಕೆ ಇಲ್ಲ’ ಅಂದರು. ನಾಲ್ಕು ತರಗತಿಯನ್ನ ಎರಡಕ್ಕಿಳಿಸಿದ್ದಾರೆ. ನಾನು ಕೇಳದೆಯೇ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಪೂರ್ತಿ ಕೇಳಿದರು. ‘ಒಂದು ಸಲ ನೋಡಿದ್ದನ್ನ ಇನ್ನೊಂದು ಸಲ ನೋಡಿ ಅಂತ ಹೇಳೋಕೆ ಒಂಬತ್ತು ಜನರ ಸಮಿತಿ ಬೇಕಾಯ್ತಾ? ನನ್ನ ಕೇಳಿದ್ದರೆ ಇಲ್ಲೇ ಹೇಳ್ತಿದ್ದೆ’ ಅಂದರು. ಆಮೇಲೆ ಊರುಗೋಲು ಊರಿಕೊಂಡು ಹೊರಗೆ ಹೋದರು. ನೋಡ್ತೀನಿ, ಗೇಟಿನ ಹತ್ತಿರ ನಿಂತು ಹೋಗೋ ಬರೋರಿಗೆಲ್ಲ ‘ನನ್ನ ಸೊಸೆ’ ಅಂತ ಶುರು ಮಾಡಿದ್ದಾರೆ. ಆರು ಕೊಟ್ಟರೆ ಅತ್ತೆ ಕಡೆ, ಮೂರು ಕೊಟ್ಟರೆ ಸೊಸೆ ಕಡೆ ಅನ್ನೋ ನಿಮ್ಮಣ್ಣ ಈ ಸಲ ಏನೂ ತಗೊಳ್ಳದೆ ನನ್ನ ಕಡೆ. ಹೊರಗಿನ ಕೋಣೆಯ ಕಿಟಕಿ ಪಕ್ಕದ ಜಾಗವನ್ನ ಟೇಪು ಹಿಡಿದು ಅಳೆದು, ತಮ್ಮ ನಕ್ಷೆಗಳ ಮೇಜನ್ನ ನನಗೆ ಬಿಟ್ಟುಕೊಟ್ಟಿದ್ದಾರೆ. ಹೋಗ್ತಾ ಒಂದ್ಸಲ ಅಳೆದರು, ಬರ್ತಾ ಒಂದ್ಸಲ. ಅವರ ಹಾಳೆಗಳೆಲ್ಲ ಈಗ ಊಟದ ಮೇಜಿನ ಮೇಲಿವೆ, ನಾವು ತಟ್ಟೆ ತೊಡೆ ಮೇಲಿಟ್ಟುಕೊಂಡು ಉಣ್ತೀವಿ.

ನಿನ್ನ ಮೇಲೆ ಒಂದು ಸಣ್ಣ ಸಿಟ್ಟು ಇನ್ನೂ ಎಲ್ಲೋ ಮೂಲೆಯಲ್ಲಿದೆ. ಸುಳ್ಳು ಹೇಳಲ್ಲ. ಅದು ಪೂರ್ತಿ ಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು. ಆದರೆ ನೀನು ನನ್ನ ಹೆಸರನ್ನ ಎರಡನೇ ಸಲ ಗಟ್ಟಿಯಾಗಿ ಓದಿದ್ದನ್ನ ಯೋಚನೆ ಮಾಡಿದಾಗಲೆಲ್ಲ ಅದು ಸಣ್ಣದಾಗ್ತಾ ಹೋಗುತ್ತೆ. ಮುಂದಿನ ತಿಂಗಳು ಬಂದಾಗ ನಿನ್ನ ಮನೆಯಲ್ಲೇ ಉಳ್ಕೋತೀನಿ, ಹಾಸಿಗೆ ಝಾಡಿಸಿಡು. ಆ ಮೀಸೆಯವರಿಗೆ ಹೇಳು, ನಾಲ್ಕು ದಿನ ಉಳೀತು ಅಂದದ್ದು ಅವರ ತಪ್ಪು. ನಾನು ನಿನ್ನೆ ಮತ್ತೆ ಕೂತು ಮಾಡಿದೆ, ಐದು ಉಳಿಯುತ್ತೆ. ಐದನೆಯದು ಎಲ್ಲಿದೆ ಅಂತ ಬಂದ ಮೇಲೆ ತೋರಿಸ್ತೀನಿ, ಅಲ್ಲೀ ತನಕ ಅವರು ಹುಡುಕ್ತಾ ಇರಲಿ.

ಅಧ್ಯಕ್ಷೆಯ ಪತ್ರಕ್ಕೆ ಒಪ್ಪಿಗೆ ಬರೆದು ಅಂಚೆಗೆ ಹಾಕಿದ್ದಾಯ್ತು. ಇವತ್ತು ಬೆಳಿಗ್ಗೆ, ಕಿಟಕಿಯಿಂದ ಮೇಜಿನ ಮೇಲೆ ಬಿಸಿಲು ಬಿದ್ದಿರುವಾಗ, ಮೊದಲ ಚೌಕಕ್ಕೆ ಸಂಖ್ಯೆ ಕೊಟ್ಟೆ. ಇನ್ನು ಎರಡು ಸಾವಿರದ ನೂರ ಮೂವತ್ತೊಂಬತ್ತು ಬಾಕಿ. ಬಹಳ ಕೆಲಸ ಇದೆ ಕಣೆ, ನಿಲ್ಲಿಸ್ತೀನಿ.

ಅತ್ತಿಗೆ